ಸರಕೂ ಸ್ತುತಿಯೂ

ಮನುಷ್ಯನು ತನ್ನನ್ನು ತಾನೇ ಹೊಗಳಿಕೊಳ್ಳುವುದು ಸಭ್ಯತೆಯಲ್ಲವೆಂದು ಲೋಕದ ಹಿರಿಯರೆಲ್ಲರೂ ಹೇಳಿರುವರು. ಕವಿಯಾದವನು ತನ್ನ ಕಾವ್ಯದ ಗುಣವನ್ನು ಸಹೃದಯರ ಬಾಯಿಂದ ಕೇಳಬೇಕೇ ಹೊರತು ತಾನೇ ಸಾರಬಾರದು; ವಿದ್ವಾಂಸನು ಕೇಳಿದವರಿಗೆ ಮಾತ್ರ ತನ್ನ ವಿದ್ಯೆಯನ್ನು ತೋರಬೇಕು; ದಾನಿಯು ಕೊಟ್ಟುದನ್ನು ಕೊಟ್ಟ ಗಳಿಗೆಯಲ್ಲಿಯೇ ಮರೆಯಬೇಕು. ಆದರೆ ಈ ಕಟ್ಟಿನಿಂದ ಹೊರಗೆ ನಿಂತಿರುವವನು ಒಬ್ಬನುಂಟು. ಅವನೇ ವರ್ತಕ. ತನ್ನ ಸರಕಿನ ಗುಣವನ್ನು ಅವನು ತಾನೇ ಹೇಳದಿದ್ದರೆ ಹೇಳುವವರು ಬೇರೆ ಯಾರೂ ಇಲ್ಲ. ಹೂವಿನವಳು ಬೀದಿಯಲ್ಲಿ ಕೂಗದೆ ಹೋದರೆ ಯಾವ ಮನೆಯ ಬಾಗಿಲೂ ತೆರೆಯುವುದಿಲ್ಲ. ಸಂತೆಗೆ ಬಂದ ಬಳೆಗಾರನು ಬಾಯಿ ಮುಚ್ಚಿ ಕುಳಿತರೆ ಬುಟ್ಟಿಯ ಬಳೆಗಳು ಬುಟ್ಟಿಯಲ್ಲಿಯೇ ಉಳಿಯುವುವು. ಇತರರಿಗೆ ದೋಷವಾದುದು ಇವನಿಗೆ ವೃತ್ತಿಧರ್ಮದ ಒಂದು ಅಂಗವೇ ಆಗಿರುವುದರಿಂದ, ಆ ಅಂಗಕ್ಕೆ ಎಲ್ಲಿ ಮೇರೆ ಎಂಬುದು ವಿಚಾರಕ್ಕೆ ಯೋಗ್ಯವಾದ ಪ್ರಶ್ನೆ.

ಈ ಪ್ರಶ್ನೆಯು ಇಂದು ಹಿಂದೆಂದಿಗಿಂತಲೂ ಹೆಚ್ಚು ಮನೆಗಳೊಳಕ್ಕೆ ಬಂದಿದೆ. ದೊಡ್ಡ ಕಾರಖಾನೆಗಳವರು ತಮ್ಮ ಸರಕನ್ನು ಹೊಗಳುವುದಕ್ಕೆಂದೇ ಸಂಬಳ ಕೊಟ್ಟು ನಿಪುಣರನ್ನು ಇಟ್ಟುಕೊಂಡಿರುವರು. ಸಣ್ಣ ವರ್ತಕನಿಗೆ ಆ ಅನುಕೂಲವಿಲ್ಲ. ಸರಕನ್ನು ತರುವವನೂ ಅವನೇ, ತೂಗುವವನೂ ಅವನೇ, ಕಟ್ಟುವವನೂ ಅವನೇ, ಲೆಕ್ಕ ಬರೆಯುವವನೂ ಅವನೇ. ಕಡೆಗೆ ತನ್ನ ಸರಕಿನ ಕವಿಯೂ ಅವನೇ ಆಗಬೇಕು. ಕೈಯಲ್ಲಿರುವ ಮೊಬೈಲಿನಿಂದ ಒಂದು ಚಿತ್ರವನ್ನೂ ನಾಲ್ಕು ಪಂಕ್ತಿಗಳನ್ನೂ ಕಳುಹಿಸಿದರೆ ನೂರಾರು ಮನೆಗಳವರು ಅದನ್ನು ಕ್ಷಣದಲ್ಲಿ ಓದುವರು. ಚಿತ್ರ ಸುಲಭ, ಆ ನಾಲ್ಕು ಪಂಕ್ತಿಗಳೇ ಕಷ್ಟ.

ಹಾವೇರಿ ಜಿಲ್ಲೆಯ ಒಂದು ಊರಿನಲ್ಲಿ ಮನೆಯಲ್ಲಿಯೇ ಕೆಂಪು ಖಾರ ಮಾಡಿ ಮಾರುವ ಗೃಹಿಣಿಯೊಬ್ಬಳನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಬ್ಯಾಡಗಿಯ ಮಾರುಕಟ್ಟೆಯಿಂದ ಮೆಣಸಿನಕಾಯಿ ತರಿಸಿ, ತೊಟ್ಟು ಬಿಡಿಸಿ, ಬಿಸಿಲಿಗೆ ಹರವಿ, ಗಿರಣಿಯಲ್ಲಿ ಕುಟ್ಟಿಸಿ, ಅರ್ಧ ಕಿಲೋದ ಪೊಟ್ಟಣಗಳನ್ನು ಕಟ್ಟುವುದು ಆಕೆಯ ಉದ್ಯೋಗ. ಸ್ವಸಹಾಯ ಸಂಘದಿಂದ ತಂದ ಸಾಲವುಂಟು. ತಿಂಗಳು ತಿಂಗಳಿಗೆ ಅದರ ಕಂತು ಉಂಟು. ಪುಡಿ ಚೆನ್ನಾಗಿದೆಯೆಂದು ಓಣಿಯವರೆಲ್ಲ ಬಲ್ಲರು, ಓಣಿಯಾಚೆಯವರು ಅರಿಯರು. ಅವರಿಗೆ ತಿಳಿಯಲೆಂದು ಆಕೆ ಒಂದು ಸಂಜೆ ಕಾಗದ ಹಿಡಿದು ಕುಳಿತು, ‘ಜಗತ್ತಿನಲ್ಲಿಯೇ ಶ್ರೇಷ್ಠವಾದ’ ಎಂದು ಮೊದಲು ಮಾಡಿ, ಅಲ್ಲಿಗೇ ನಿಲ್ಲಿಸುತ್ತಾಳೆ. ಜಗತ್ತನ್ನು ಆಕೆ ಕಂಡವಳಲ್ಲ. ಹುಬ್ಬಳ್ಳಿ ಧಾರವಾಡಗಳಾಚೆಗೆ ಹೋದವಳೂ ಅಲ್ಲ. ಬಳಿಯಲ್ಲಿ ನಿಂತ ಮೈದುನನು ನಕ್ಕು, “ಮಂದಿ ಎಲ್ಲಾ ಹಿಂಗ ಬರೀತಾರ, ವೈನಿ. ನೀವೊಬ್ಬರ ಖರೇ ಬರದರ ಯಾರು ತಗೋತಾರ?” ಎನ್ನುತ್ತಾನೆ. ಆತನು ಕೆಟ್ಟವನಲ್ಲ, ಮನೆಯ ಕಂತನ್ನು ನೆನೆದು ಆಡಿದ ಮಾತು ಅದು. ಆದರೆ ಆ ಒಂದು ಮಾತಿನಲ್ಲಿ ಧರ್ಮಶಾಸ್ತ್ರದ ಒಂದು ಪ್ರಕರಣವೇ ಅಡಗಿದೆ.

ಮೊದಲು ಸಾಧುಗಳಾದ ಕೆಲವರ ಪಕ್ಷವನ್ನು ನೋಡಬೇಕು. ಕಸ್ತೂರಿಗೆ ಪರಿಮಳವಿದೆಯೆಂದು ಆಣೆಯಿಡಬೇಕಾದುದಿಲ್ಲ. ಸರಕು ಒಳ್ಳೆಯದಾದರೆ ಅದೇ ಮಾತನಾಡುವುದು. ವರ್ತಕನು ಸುಮ್ಮನಿರುವುದೇ ಲೇಸು ಎಂಬುದು ಅವರ ಮತ. ಕೇಳುವುದಕ್ಕೆ ಇದು ಉದಾತ್ತವಾಗಿದೆ. ಆದರೆ ಕಸ್ತೂರಿಯ ಪರಿಮಳವೂ ಗಾಳಿ ಬೀಸಿದಷ್ಟು ದೂರ ಮಾತ್ರ ಹೋಗಬಲ್ಲುದು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಕನ್ನಡಿಗರಲ್ಲಿ ಹುಟ್ಟಿರುವುದು ಸುಮ್ಮನೆ ಅಲ್ಲ. ಮಗ್ಗುಲಲ್ಲಿಯೇ ಇರುವ ಗುಣವನ್ನು ಕಾಣದೆ ದೂರದ ಹೆಸರಿಗೆ ಮರುಳಾಗುವುದು ಜನರ ಸ್ವಭಾವ. ಒಳ್ಳೆಯ ಪುಡಿಯನ್ನು ಮಾಡುವವಳು ಮೌನವಾಗಿದ್ದರೆ ಆ ಮೌನದಿಂದ ಸತ್ಯಕ್ಕೆ ಲಾಭವಾಗುವುದಿಲ್ಲ. ಪಕ್ಕದಲ್ಲಿ ಕೂಗುತ್ತಿರುವ ಕಲಬೆರಕೆಗಾರನಿಗೆ ಲಾಭವಾಗುವುದು. ಕೊಳ್ಳುವವರಿಗೂ ತಮಗೆ ಬೇಕಾದ ವಸ್ತು ಎಲ್ಲಿ ದೊರೆಯುವುದೆಂದು ತಿಳಿಯದೆ ಹೋಗುವುದು. ಆದುದರಿಂದ ಹೇಳುವುದು ತಪ್ಪಲ್ಲ; ಹೇಳದಿರುವುದೇ ಕೆಲವೊಮ್ಮೆ ತಪ್ಪು.

ಇಲ್ಲಿ ಮಹಾಭಾರತದ ಶಾಂತಿಪರ್ವದ ಒಂದು ಕಥೆ ನೆನಪಿಗೆ ಬರುವುದು. ಜಾಜಲಿಯೆಂಬ ಬ್ರಾಹ್ಮಣನು ಕದಲದೆ ನಿಂತು ತಪಸ್ಸು ಮಾಡುತ್ತಿರಲು ಅವನ ಜಟೆಯಲ್ಲಿ ಹಕ್ಕಿಗಳು ಗೂಡು ಕಟ್ಟಿ ಮರಿಮಾಡಿದುವು. ಮರಿಗಳು ಬಲಿತು ಹಾರಿ ಹೋಗುವವರೆಗೂ ಅವನು ಅಲುಗಲಿಲ್ಲ. ಆಮೇಲೆ ತಾನು ಧರ್ಮವನ್ನು ಪಡೆದೆನೆಂದು ಅವನು ಹೆಮ್ಮೆಯಿಂದ ನುಡಿದಾಗ, ವಾರಾಣಸಿಯ ತುಲಾಧಾರನಿಗೆ ಅವನು ಸಮನಲ್ಲವೆಂದು ಅಶರೀರವಾಣಿ ಕೇಳಿಬಂದಿತು. ತುಲಾಧಾರನು ರಸಗಂಧಾದಿಗಳನ್ನು ಮಾರುವ ಒಬ್ಬ ಅಂಗಡಿಕಾರ. ಜಾಜಲಿಯು ಹುಡುಕಿಕೊಂಡು ಹೋದಾಗ ಅವನು ತನ್ನ ಮಹಿಮೆಯನ್ನು ಹೇಳಿಕೊಳ್ಳಲಿಲ್ಲ. ತನ್ನ ತಕ್ಕಡಿ ಎಲ್ಲರಿಗೂ ಸಮನಾಗಿರುವುದೆಂದು, ತಾನು ವಂಚನೆಯಿಲ್ಲದೆ ಮಾರುವೆನೆಂದು ಹೇಳಿದನು. ತಪಸ್ವಿಯು ಹೊಗಳಿದ್ದು ತನ್ನನ್ನು. ವರ್ತಕನು ವರ್ಣಿಸಿದ್ದು ತನ್ನ ತಕ್ಕಡಿಯನ್ನು. ಆತ್ಮಸ್ತುತಿಗೂ ವೃತ್ತಿಯ ನಿವೇದನೆಗೂ ಇರುವ ಭೇದವು ಇದರಲ್ಲಿ ಸ್ಪಷ್ಟವಾಗಿದೆ. ಗೃಹಿಣಿಯು ‘ನನ್ನಂಥವರು ಇನ್ನಿಲ್ಲ’ ಎಂದರೆ ಅದು ಜಾಜಲಿಯ ಮಾತು. ‘ಈ ಪುಡಿಯನ್ನು ಹೀಗೆ ಮಾಡಿದೆ’ ಎಂದರೆ ಅದು ತುಲಾಧಾರನ ಮಾತು.

ಎರಡನೆಯದು ಮೈದುನನ ಪಕ್ಷ. ಎಲ್ಲರೂ ಉತ್ಪ್ರೇಕ್ಷೆ ಮಾಡುವರು. ಕೊಳ್ಳುವವರೂ ಅದನ್ನು ಬಲ್ಲರು. ಬಲ್ಲವರನ್ನು ಯಾರೂ ಮೋಸಗೊಳಿಸಿದಂತಾಗುವುದಿಲ್ಲ. ಆದುದರಿಂದ ಇದರಲ್ಲಿ ಪಾಪವಿಲ್ಲ ಎಂಬುದು ಆ ವಾದ. ಈ ವಾದಕ್ಕೆ ಶಾಸ್ತ್ರದ ಬೆಂಬಲವೂ ಇರುವಂತೆ ಮೊದಲ ನೋಟಕ್ಕೆ ತೋರುವುದು. ಮೀಮಾಂಸಕರು ವೇದದಲ್ಲಿ ಬರುವ ಸ್ತುತಿವಾಕ್ಯಗಳನ್ನು ಅರ್ಥವಾದವೆಂದು ಕರೆದು, ಅವುಗಳ ತಾತ್ಪರ್ಯವು ಅಕ್ಷರಾರ್ಥದಲ್ಲಿ ಇಲ್ಲವೆಂದೂ ವಿಧಿಸಿದ ಕರ್ಮದಲ್ಲಿ ಮನುಷ್ಯನಿಗೆ ಆಸಕ್ತಿ ಹುಟ್ಟಿಸುವುದೇ ಅವುಗಳ ಪ್ರಯೋಜನವೆಂದೂ ಹೇಳಿರುವರು. ವರ್ತಕನ ಹೊಗಳಿಕೆಯೂ ಕೊಳ್ಳುವ ಕರ್ಮದಲ್ಲಿ ಆಸಕ್ತಿ ಹುಟ್ಟಿಸುವ ಅರ್ಥವಾದವೆಂದು ಏಕೆ ಎಣಿಸಬಾರದು?

ಎಣಿಸಬಾರದೆಂಬುದಕ್ಕೆ ಬಲವಾದ ಕಾರಣವುಂಟು. ಮೀಮಾಂಸಕರ ಮತದಲ್ಲಿ ವೇದವು ಅಪೌರುಷೇಯ. ಅದನ್ನು ನುಡಿದ ಪುರುಷನೇ ಇಲ್ಲದಿರುವಾಗ ಆ ಸ್ತುತಿಯಿಂದ ಲಾಭ ಪಡೆಯುವವನು ಆಡಿದವನೆಂದು ಶಂಕಿಸುವುದಕ್ಕೆ ಎಡೆಯಿಲ್ಲ, ಫಲವೆಲ್ಲ ಕೇಳಿದವನದೇ. ಅಂಗಡಿಯ ಸ್ತುತಿಯಾದರೋ ಪೌರುಷೇಯ. ಅದರ ಫಲದ ಮೊದಲನೆಯ ಪಾಲು ಆಡಿದವನ ಪೆಟ್ಟಿಗೆಯಲ್ಲಿ ಬೀಳುವುದು. ಹೀಗಿರುವಾಗ ವೇದದ ಸ್ತುತಿಗೆ ದೊರೆತ ವಿನಾಯಿತಿ ಇದಕ್ಕೆ ಹೇಗೆ ದೊರೆತೀತು?

ಆದರೂ ಮೀಮಾಂಸಕರ ವಿಭಾಗಕ್ರಮ ಇಲ್ಲಿ ತುಂಬ ಉಪಕಾರಿಯಾಗಿದೆ. ಅವರು ಅರ್ಥವಾದವನ್ನು ಮೂರು ಬಗೆಯಾಗಿ ವಿಂಗಡಿಸಿದರು. ಪ್ರತ್ಯಕ್ಷಕ್ಕೆ ವಿರುದ್ಧವಾಗಿ ತೋರುವುದು ಗುಣವಾದ. ಯಜ್ಞದ ಕಂಬವನ್ನು ಸೂರ್ಯನೆಂದಾಗ ಅದರ ಹೊಳಪನ್ನು ಹೇಳಿತೆಂದು ತಿಳಿಯಬೇಕೇ ಹೊರತು ಕಂಬವೇ ಸೂರ್ಯನೆಂದು ಯಾರೂ ತಿಳಿಯುವುದಿಲ್ಲ. ಈಗಾಗಲೇ ಎಲ್ಲರಿಗೂ ತಿಳಿದುದನ್ನು ಮತ್ತೆ ಹೇಳುವುದು ಅನುವಾದ. ಬೆಂಕಿಯು ಚಳಿಗೆ ಔಷಧವೆಂಬಂತೆ. ಬೇರೆ ಪ್ರಮಾಣದಿಂದ ತಿಳಿಯದೆಯೂ ಅದಕ್ಕೆ ವಿರುದ್ಧವಾಗದೆಯೂ ಇರುವ, ನಡೆದುದರ ಕಥನ ಭೂತಾರ್ಥವಾದ. ಅಂಗಡಿಯ ಮಾತುಗಳನ್ನೂ ಹೀಗೆಯೇ ಮೂರು ರಾಶಿ ಮಾಡಬಹುದು. ‘ಈ ಚಟ್ನಿಯ ವಾಸನೆಗೆ ನೆರೆಮನೆಯವರೂ ತಟ್ಟೆ ಹಿಡಿದು ಬರುವರು’ ಎಂಬುದು ಗುಣವಾದ. ಅದನ್ನು ಓದಿ ನಗುವರಲ್ಲದೆ ಯಾರೂ ತಟ್ಟೆಗಳನ್ನು ಎಣಿಸುತ್ತ ಕೂರುವುದಿಲ್ಲ; ನಿರ್ದೋಷವಾದ ಈ ವಿನೋದವನ್ನು ೧೯೮೫ರಲ್ಲಿ ಹುಟ್ಟಿದ ಭಾರತದ ಜಾಹೀರಾತು ಮಾನಕ ಮಂಡಲಿಯ ನಿಯಮಗಳೂ, ಅದು ವಿನೋದವೆಂದು ಸ್ಪಷ್ಟವಾಗಿ ತೋರುವುದಾದರೆ, ಒಪ್ಪಿವೆ. ‘ಸಾರಿಗೆ ಖಾರ ಬೇಕು’ ಎಂಬುದು ಅನುವಾದ. ಅದರಿಂದ ಹಾನಿಯಿಲ್ಲ, ಪ್ರಯೋಜನವೂ ಇಲ್ಲ. ಅಪಾಯವಿರುವುದು ಮೂರನೆಯ ರಾಶಿಯಲ್ಲಿ. ‘ಇದರಲ್ಲಿ ಬಣ್ಣ ಬೆರಸಿಲ್ಲ’, ‘ಇದು ಈ ವರ್ಷದ ಬೆಳೆ’, ‘ಇದರಿಂದ ಕೀಲುನೋವು ಗುಣವಾಗುವುದು’ ಎಂಬ ಮಾತುಗಳನ್ನು ಕೊಳ್ಳುವವನು ತಾನಾಗಿ ಪರೀಕ್ಷಿಸಲಾರ. ಹೇಳಿದವನ ನಾಲಗೆಯೊಂದೇ ಅವನಿಗೆ ಪ್ರಮಾಣ. ಎಲ್ಲಿ ಕೇಳುವವನಿಗೆ ಬೇರೆ ಪ್ರಮಾಣವಿಲ್ಲವೋ ಅಲ್ಲಿ ಆಡುವವನಿಗೆ ಉತ್ಪ್ರೇಕ್ಷೆಯ ಅಧಿಕಾರವಿಲ್ಲ. ವರ್ತಕನ ಸ್ತುತಿಗೆ ಇದೇ ಮೇರೆ.

ಈ ಮೇರೆಯನ್ನು ಒಂದು ನ್ಯಾಯಸ್ಥಾನವೂ ಬಲು ಹಿಂದೆ ಗುರುತಿಸಿದ್ದುಂಟು. ಯೂರೋಪಿನಲ್ಲಿ ಇನ್‌ಫ್ಲುಯೆಂಜಾ ಹಬ್ಬಿದ್ದ ಕಾಲದಲ್ಲಿ, ೧೮೯೧ರಲ್ಲಿ, ಲಂಡನ್ನಿನ ಕಾರ್ಬಾಲಿಕ್ ಸ್ಮೋಕ್ ಬಾಲ್ ಎಂಬ ಕಂಪೆನಿಯವರು ತಮ್ಮ ಹೊಗೆಯ ಚೆಂಡನ್ನು ಹೇಳಿದ ರೀತಿಯಲ್ಲಿ ದಿನಕ್ಕೆ ಮೂರು ಸಲದಂತೆ ಎರಡು ವಾರ ಸೇದಿದ ಮೇಲೂ ಆ ಜ್ವರ ತಗುಲಿದವರಿಗೆ ೧೦೦ ಪೌಂಡು ಕೊಡುವುದಾಗಿ ಪತ್ರಿಕೆಗಳಲ್ಲಿ ಪ್ರಕಟಿಸಿದರು. ತಮ್ಮ ಮಾತು ನಿಜವೆಂಬುದಕ್ಕೆ ಬ್ಯಾಂಕಿನಲ್ಲಿ ೧,೦೦೦ ಪೌಂಡು ಇಟ್ಟಿರುವುದಾಗಿಯೂ ಬರೆದರು. ಶ್ರೀಮತಿ ಕಾರ್ಲಿಲ್ ಎಂಬಾಕೆ ಅದನ್ನು ನಂಬಿ ಕೊಂಡು, ನವೆಂಬರು ೨೦ರಿಂದ ಮರುವರ್ಷದ ಜನವರಿ ೧೭ರ ವರೆಗೆ ತಪ್ಪದೆ ಉಪಯೋಗಿಸಿದಳು. ಆದರೂ ಜ್ವರ ಬಂದಿತು. ಹಣ ಕೇಳಿದಾಗ ಕಂಪೆನಿಯವರು ಆ ಪ್ರಕಟನೆಯು ಬರಿಯ ಹೊಗಳಿಕೆ, ಯಾರೂ ಅದನ್ನು ವಾಗ್ದಾನವೆಂದು ತಿಳಿಯಬಾರದು ಎಂದು ವಾದಿಸಿದರು. ೧೮೯೨ರ ಡಿಸೆಂಬರಿನಲ್ಲಿ ಮೇಲ್ಮನವಿಯ ನ್ಯಾಯಸ್ಥಾನವು ಆ ವಾದವನ್ನು ತಳ್ಳಿಹಾಕಿ, ಬ್ಯಾಂಕಿನಲ್ಲಿ ಹಣವಿಟ್ಟಿರುವೆವೆಂದು ಹೇಳಿದವರು ಗಂಭೀರವಾಗಿಯೇ ಮಾತು ಕೊಟ್ಟರೆಂದು ತೀರ್ಮಾನಿಸಿ, ಆಕೆಗೆ ನೂರು ಪೌಂಡು ಸಲ್ಲಬೇಕೆಂದಿತು. ಕಾಯಿದೆಯನ್ನು ಓದುವ ವಿದ್ಯಾರ್ಥಿಗಳು ಇಂದಿಗೂ ಈ ವ್ಯಾಜ್ಯವನ್ನು ಮೊದಲಲ್ಲಿಯೇ ಓದುವರು.

ಕಾಯಿದೆಯ ಸೂಕ್ಷ್ಮಗಳನ್ನು ಬದಿಗಿಟ್ಟು ನೋಡಿದರೂ ಆ ಕಂಪೆನಿಯ ವಾದದಲ್ಲಿದ್ದ ದೋಷ ಮೈದುನನ ವಾದದಲ್ಲಿಯೂ ಇದೆ. ಹೊಗಳಿಕೆಯನ್ನು ಯಾರೂ ನಂಬುವುದಿಲ್ಲವೆನ್ನುವುದಾದರೆ ಅದನ್ನು ಬರೆಯುವ ಶ್ರಮ ವ್ಯರ್ಥ. ಒಬ್ಬನಾದರೂ ನಂಬುವನೆನ್ನುವುದಾದರೆ ಆ ಒಬ್ಬನಿಗೆ ಅದು ಸುಳ್ಳು. ಮಾರುವಾಗ ನಂಬಲೆಂದು ಬರೆಯುವುದು, ಪ್ರಶ್ನಿಸಿದಾಗ ನಂಬಿದ್ದೇ ತಪ್ಪೆನ್ನುವುದು: ಎರಡು ದೋಣಿಗಳಲ್ಲಿ ಒಂದೊಂದು ಕಾಲನ್ನಿಟ್ಟು ಹೊಳೆ ದಾಟಲಾಗುವುದಿಲ್ಲ. ಅದಲ್ಲದೆ ಎಲ್ಲರೂ ಉತ್ಪ್ರೇಕ್ಷೆಯನ್ನು ಬಲ್ಲರೆಂಬ ಮಾತೂ ಪೂರ್ಣವಾಗಿ ನಿಜವಲ್ಲ. ಓದು ಬಲ್ಲ ಪಟ್ಟಣಿಗನು ಬಲ್ಲನು. ಕೀಲುನೋವಿನಿಂದ ನರಳುವ ಮುದುಕಿಯು ಬಲ್ಲಳೆ? ನೋವಿರುವವರಿಗೆ ನಂಬಿಕೆ ಬೇಗ ಹುಟ್ಟುವುದು. ರೋಗಗಳನ್ನು ಗುಣಪಡಿಸುವೆವೆಂಬ ಆಕ್ಷೇಪಾರ್ಹವಾದ ಜಾಹೀರಾತುಗಳನ್ನು ತಡೆಯುವುದಕ್ಕಾಗಿ ಭಾರತದಲ್ಲಿ ೧೯೫೪ರಲ್ಲಿಯೇ ಪ್ರತ್ಯೇಕ ಕಾಯಿದೆ ಮಾಡಬೇಕಾಗಿ ಬಂದುದು, ಎಲ್ಲರೂ ಬಲ್ಲರೆಂಬ ವಾದದ ಪೊಳ್ಳುತನಕ್ಕೆ ಸಾಕ್ಷಿ. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದಾರಿ ತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿಗಳ ವರೆಗೆ ದಂಡ ವಿಧಿಸುವ ಅಧಿಕಾರವನ್ನು ಕೊಟ್ಟಿದೆ.

ದಂಡದ ವಿಚಾರ ಹೊಸದೂ ಅಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಭಂಡಾರದ ಓಲೆಗಳಿಂದ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು ೧೯೦೯ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಕಂಟಕಶೋಧನವೆಂಬ ನಾಲ್ಕನೆಯ ಅಧಿಕರಣವುಂಟು. ಮರ, ಲೋಹ, ಮಣಿ, ಹಗ್ಗ, ಚರ್ಮ, ನೂಲು ಮೊದಲಾದವುಗಳಿಂದಾದ ಕೀಳು ವಸ್ತುವನ್ನು ಮೇಲಾದುದೆಂದು ಹೇಳಿ ಮಾರಿದವನಿಗೆ ಬೆಲೆಯ ಎಂಟರಷ್ಟು ದಂಡವನ್ನು ಅಲ್ಲಿ ವಿಧಿಸಿದೆ. ರಾಜ್ಯದ ಮೈಯಲ್ಲಿ ನೆಟ್ಟ ಮುಳ್ಳುಗಳನ್ನು ಕೀಳುವ ಪ್ರಕರಣದಲ್ಲಿ ಸುಳ್ಳು ವರ್ಣನೆಯೂ ಸೇರಿರುವುದು ಗಮನಿಸತಕ್ಕ ಸಂಗತಿ.

ಇಷ್ಟಾದರೂ ಮೈದುನನ ಮಾತಿನ ಎರಡನೆಯ ಭಾಗಕ್ಕೆ ಉತ್ತರ ಹೇಳಿದಂತಾಗಲಿಲ್ಲ. ನೆರೆಯ ಅಂಗಡಿಯವನು ಅಬ್ಬರಿಸುತ್ತಿರುವಾಗ ಮೆಲ್ಲಗೆ ನಿಜ ನುಡಿದವರ ಗತಿಯೇನು? ಇದು ಹೊಟ್ಟೆಯ ಪ್ರಶ್ನೆ. ಇದನ್ನು ಶ್ಲೋಕದಿಂದ ತಳ್ಳಿಹಾಕುವುದು ನ್ಯಾಯವಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞನಾದ ಜಾರ್ಜ್ ಅಕರ್‌ಲಾಫ್ ಎಂಬಾತನು ೧೯೭೦ರ ಪ್ರಬಂಧವೊಂದರಲ್ಲಿ ಇದೇ ಕಷ್ಟವನ್ನು ವಿಚಾರಿಸಿದನು. ಒಳ್ಳೆಯ ಸರಕಾವುದು, ಕೆಟ್ಟ ಸರಕಾವುದು ಎಂದು ಕೊಳ್ಳುವವನಿಗೆ ತಿಳಿಯದಿದ್ದರೆ ಅವನು ಎರಡಕ್ಕೂ ನಡುವಣ ಬೆಲೆಯನ್ನೇ ಕೊಡುವನು, ಆ ಬೆಲೆ ಒಳ್ಳೆಯದನ್ನು ಮಾಡುವವನಿಗೆ ಗಿಟ್ಟದು, ಅವನು ಸಂತೆ ಬಿಟ್ಟು ಹೋಗುವನು, ಉಳಿಯುವುದು ಕೆಟ್ಟದ್ದೇ. ಮೋಸದ ನಷ್ಟವೆಂದರೆ ಮೋಸಹೋದವನು ಕಳೆದುಕೊಂಡ ಹಣ ಮಾತ್ರವಲ್ಲ, ಪ್ರಾಮಾಣಿಕವಾದ ವ್ಯಾಪಾರವೇ ಅಳಿದುಹೋಗುವುದೂ ಆ ನಷ್ಟದಲ್ಲಿ ಸೇರಿದೆಯೆಂದು ಆತನು ತೋರಿಸಿದನು. ೨೦೦೧ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕ ಬಂದುದು ಇಂಥ ವಿಚಾರಗಳಿಗಾಗಿಯೇ. ಹಾಗಾದರೆ ಮೈದುನನ ಭಯ ನಿರಾಧಾರವಲ್ಲ. ಆದರೆ ಅವನು ಸೂಚಿಸಿದ ಉಪಾಯ ಆ ಭಯವನ್ನು ಹೆಚ್ಚಿಸುವುದೇ ಹೊರತು ಕಳೆಯುವುದಿಲ್ಲ. ಒಳ್ಳೆಯ ಪುಡಿಯವಳೂ ಕಲಬೆರಕೆಯವನ ಮಾತುಗಳನ್ನೇ ಆಡಿದರೆ ಅವಳನ್ನು ಅವನಿಂದ ಬೇರ್ಪಡಿಸಿ ಗುರುತಿಸುವುದು ಹೇಗೆ? ‘ಜಗತ್ತಿನಲ್ಲಿಯೇ ಶ್ರೇಷ್ಠ’ ಎಂಬ ಬಿರುದನ್ನು ಸುಳ್ಳುಗಾರನೂ ಅಷ್ಟೇ ಸುಲಭವಾಗಿ ಬರೆಯಬಲ್ಲನು. ಅವನು ಬರೆಯಲಾರದ ಮಾತು ಯಾವುದೋ ಅದನ್ನೇ ಆಕೆ ಹುಡುಕಿ ಬರೆಯಬೇಕು.

ಅಂಥ ಮಾತನ್ನು ಹುಡುಕುವ ದಾರಿಯನ್ನು ಆಲಂಕಾರಿಕರು ತೋರಿಸಿಕೊಟ್ಟಿರುವರು. ದಂಡಿಯು ಕಾವ್ಯಾದರ್ಶದಲ್ಲಿ ಅರ್ಥಾಲಂಕಾರಗಳನ್ನು ಎಣಿಸುವಾಗ ಉಪಮೆಗಿಂತ, ರೂಪಕಕ್ಕಿಂತ, ಅತಿಶಯೋಕ್ತಿಗಿಂತ ಮೊದಲು ಇಟ್ಟಿರುವುದು ಸ್ವಭಾವೋಕ್ತಿಯನ್ನು. ವಸ್ತುವು ಇರುವ ಬಗೆಯನ್ನು ಕಣ್ಣಿಗೆ ಕಟ್ಟುವಂತೆ ಹೇಳುವುದೇ ಸ್ವಭಾವೋಕ್ತಿ. ಅದಕ್ಕೆ ಜಾತಿಯೆಂದೂ ಹೆಸರು. ದಂಡಿಯನ್ನು ಬಹುಮಟ್ಟಿಗೆ ಅನುಸರಿಸಿದ ಕವಿರಾಜಮಾರ್ಗದ ಕಾಲದಿಂದ, ಎಂದರೆ ಒಂಬತ್ತನೆಯ ಶತಮಾನದಿಂದ, ಕನ್ನಡ ಕವಿಗಳಿಗೂ ಈ ವಿಚಾರ ಪರಿಚಿತವೇ. ಇದ್ದುದನ್ನು ಇದ್ದಂತೆ ಹೇಳಿದರೆ ಅದು ಅಲಂಕಾರ ಹೇಗಾದೀತೆಂದು ಆಕ್ಷೇಪಿಸಿದವರೂ ಉಂಟು. ಇದ್ದಂತೆ ಹೇಳುವುದಕ್ಕೆ ಮೊದಲು ಇದ್ದಂತೆ ಕಾಣಬೇಕು; ಕಾಣುವುದೇ ಕಷ್ಟ. ಅತಿಶಯೋಕ್ತಿಗೆ ವಸ್ತುವನ್ನು ನೋಡುವ ಅಗತ್ಯವೇ ಇಲ್ಲ. ಅದೇ ವಿಶೇಷಣಗಳನ್ನು ಸಾಬೂನಿಗೂ ಸೀರೆಗೂ ಖಾರಕ್ಕೂ ಅಂಟಿಸಬಹುದು. ಸ್ವಭಾವೋಕ್ತಿಯನ್ನು ಆ ವಸ್ತುವಿನ ಸಂಗಡ ಬಾಳಿದವರು ಮಾತ್ರ ನುಡಿಯಬಲ್ಲರು. ಸಣ್ಣ ವರ್ತಕನಿಗೆ ದೊಡ್ಡ ಕಾರಖಾನೆಯವರಿಗಿಲ್ಲದ ಐಶ್ವರ್ಯ ಇದೊಂದೇ. ಅವನು ತನ್ನ ಸರಕನ್ನು ಕೈಯಾರೆ ಮುಟ್ಟಿ ಬಲ್ಲನು.

ಬ್ಯಾಡಗಿ ಮೆಣಸಿನಕಾಯಿಯನ್ನೇ ತೆಗೆದುಕೊಳ್ಳಬಹುದು. ೨೦೧೧ರಲ್ಲಿ ಅದಕ್ಕೆ ಭೌಗೋಳಿಕ ಸೂಚ್ಯಂಕದ ಮನ್ನಣೆ ದೊರೆಯಿತು. ಅದರ ಮೈ ಸುಕ್ಕುಸುಕ್ಕು, ಬಣ್ಣ ಗಾಢವಾದ ಕೆಂಪು, ಖಾರ ಕಡಮೆ. ಡಬ್ಬಿ, ಕಡ್ಡಿ ಎಂದು ಎರಡು ಬಗೆಗಳುಂಟು. ಡಬ್ಬಿಯು ಗಿಡ್ಡಾಗಿ ತುಂಬಿಕೊಂಡಿರುವುದು, ಕಡ್ಡಿಯು ನೀಳವಾಗಿ ತೆಳ್ಳಗಿರುವುದು. ಅದರ ಬಣ್ಣದ ಸಾರವನ್ನು ಉಗುರಿನ ಬಣ್ಣ, ತುಟಿಯ ಬಣ್ಣಗಳಿಗೂ ಉಪಯೋಗಿಸುವುದುಂಟು. ಗುಂಟೂರಿನ ಕಾಯಿಯ ಖಾರ ಇದಕ್ಕಿಲ್ಲ. ಇದರ ಕೆಂಪು ಗುಂಟೂರಿನದಕ್ಕಿಲ್ಲ. ಈಗ ಎರಡು ಬಗೆಯ ಪ್ರಕಟನೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಒಂದು: “ವಿಶ್ವವಿಖ್ಯಾತ, ಪರಿಶುದ್ಧ, ಅಪ್ರತಿಮ ರುಚಿಯ, ಆರೋಗ್ಯವರ್ಧಕ ಬ್ಯಾಡಗಿ ಖಾರ! ಒಮ್ಮೆ ಸವಿದರೆ ಜನ್ಮದಲ್ಲಿ ಮರೆಯಲಾರಿರಿ!”

ಇನ್ನೊಂದು: “ಈ ವರ್ಷದ ಬ್ಯಾಡಗಿ ಡಬ್ಬಿ ಮೆಣಸಿನಕಾಯಿ. ತೊಟ್ಟು ಬಿಡಿಸಿ, ಮೂರು ದಿನ ಬಿಸಿಲಿಗೆ ಹಾಕಿ ಕುಟ್ಟಿಸಿದ್ದು. ಬಣ್ಣ ಹೆಚ್ಚು, ಖಾರ ಕಡಮೆ. ಖಾರ ಜೋರಾಗಿ ಬೇಕಾದವರು ಗುಂಟೂರು ಕಾಯಿಯ ಪುಡಿಯನ್ನು ಕೂಡಿಸಿಕೊಳ್ಳಬೇಕು. ಬಣ್ಣವನ್ನಾಗಲಿ ಎಣ್ಣೆಯನ್ನಾಗಲಿ ಬೆರಸಿಲ್ಲ. ಬೆಳಕು ಬೀಳದ ಕಡೆ ಇಡಿರಿ. ಬೆಳಕಿಗೆ ಕೆಂಪು ಇಳಿಯುತ್ತದೆ. ಶನಿವಾರ ಕುಟ್ಟಿಸುತ್ತೇವೆ, ಬೇಕಾದವರು ಶುಕ್ರವಾರದೊಳಗೆ ಹೇಳಿಕಳಿಸಿರಿ.”

ಮೊದಲನೆಯದರಲ್ಲಿ ವಿಶೇಷಣಗಳಿವೆ, ಪುಡಿಯಿಲ್ಲ. ಎರಡನೆಯದರಲ್ಲಿ ಪುಡಿಯಿದೆ, ಬಿಸಿಲಿದೆ, ಕುಟ್ಟಿಸುವ ದಿನವಿದೆ, ಕುಟ್ಟಿಸಿದವಳೂ ಇದ್ದಾಳೆ. ‘ಖಾರ ಕಡಮೆ’ ಎಂಬ ಎರಡು ಮಾತುಗಳಲ್ಲಿ ಆಕೆ ತನ್ನ ಸರಕಿನ ಮಿತಿಯನ್ನು ತಾನೇ ಒಪ್ಪಿಕೊಂಡಳು. ಅದರಿಂದ ಖಾರವನ್ನು ಬಯಸುವ ಕೆಲವರು ಬಿಟ್ಟುಹೋಗಬಹುದು. ಆದರೆ ಮಕ್ಕಳಿರುವ ಮನೆಯವರು, ಸಾರಿಗೆ ಬಣ್ಣ ಬೇಕು ಬಾಯಿ ಉರಿಯಬಾರದು ಎನ್ನುವವರು, ಅದೇ ಮಾತನ್ನು ಓದಿ ಬರುವರು. ಬಂದವರು ಮರಳಿಯೂ ಬರುವರು. ಒಂದು ಕೊರತೆಯನ್ನು ತಾನಾಗಿ ಹೇಳಿದವಳ ಉಳಿದ ಮಾತುಗಳಿಗೆ ತೂಕ ತಾನಾಗಿ ಬರುವುದು. ಸತ್ಯವನ್ನು ನುಡಿಯಬೇಕು, ಅದನ್ನು ಪ್ರಿಯವಾಗಿ ನುಡಿಯಬೇಕು ಎಂಬ ಹಳೆಯ ಸ್ಮೃತಿಯ ಕಟ್ಟಳೆಗೆ ಅಂಗಡಿಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯದು. ಸರಳತೆಯು ಇಲ್ಲಿ ಬಡವರ ಉಡುಪಲ್ಲ. ಪ್ರತಿಯೊಂದು ಮಾತನ್ನೂ ಕೊಳ್ಳುವವನು ತನ್ನ ಅಡಿಗೆಮನೆಯಲ್ಲಿ ಪರೀಕ್ಷಿಸಿ ನೋಡಬಹುದೆಂಬ ಧೈರ್ಯ.

ವರ್ತಕನು ತನ್ನ ಸರಕಿನ ಎಲ್ಲ ದೋಷಗಳನ್ನೂ ಪಟ್ಟಿ ಮಾಡಿ ಸಾರಬೇಕೆ? ಬೇಕಿಲ್ಲ. ಕಣ್ಣಿಗೆ ಕಾಣುವುದನ್ನು ಕೊಳ್ಳುವವನೇ ಕಾಣುವನು. ಕಾಣದಿರುವ, ಕಂಡಿದ್ದರೆ ಕೊಳ್ಳುವ ಮನಸ್ಸನ್ನೇ ಬದಲಿಸಬಹುದಾದ ಸಂಗತಿಯನ್ನು ಮಾತ್ರ ಮರೆಮಾಚಬಾರದು. ಇದು ಹೇಳುವುದಕ್ಕೆ ಸುಲಭ. ಆದರೆ ನಿಜವಾದ ಪರೀಕ್ಷೆಯು ಪ್ರಕಟನೆಯನ್ನು ಬರೆಯುವ ದಿನ ಬರುವುದಿಲ್ಲ. ಬರೆದು ಕೆಲವು ತಿಂಗಳಾದ ಮೇಲೆ ಬರುವುದು. ಹೊಸ ಮೆಣಸಿನಕಾಯಿ ಹೆಚ್ಚಾಗಿ ಮಾರುಕಟ್ಟೆಗೆ ಬರುವುದು ಜನವರಿಯಿಂದ ಬೇಸಗೆಯ ವರೆಗೆ. ಆಮೇಲೆ ಶೀತಗೃಹದಲ್ಲಿಟ್ಟುದನ್ನು ಕೊಳ್ಳಬೇಕು. ಅದರಲ್ಲಿ ಹಿಂದಿನ ವರ್ಷದ್ದೂ ಇರಬಹುದು. ಗೃಹಿಣಿಯ ಮನೆಯಲ್ಲಿದ್ದ ಹೊಸ ಕಾಯಿ ತೀರಿ, ಕೈಗೆ ಸಿಕ್ಕಿದ್ದು ಹಳೆಯ ಕಾಯಿಯೆಂದು ಭಾವಿಸಬಹುದು. ಅದು ಕೆಟ್ಟದ್ದಲ್ಲ; ಬಣ್ಣ ಸ್ವಲ್ಪ ಇಳಿದಿದೆ, ಅಷ್ಟೆ. ಪ್ರಕಟನೆಯಲ್ಲಿ ಮಾತ್ರ ‘ಈ ವರ್ಷದ’ ಎಂದೇ ಉಳಿದಿದೆ. ಆಕೆ ಹೊಸದಾಗಿ ಸುಳ್ಳೇನೂ ಬರೆಯಬೇಕಾಗಿಲ್ಲ. ಹಳೆಯ ನಿಜವನ್ನು ಹಾಗೆಯೇ ಬಿಟ್ಟರೆ ಸಾಕು, ಅದೇ ಸುಳ್ಳಾಗಿ ಕೆಲಸ ಮಾಡುವುದು. ತಿದ್ದಿದರೆ ಬೆಲೆ ಇಳಿಸಬೇಕು. ಇಳಿಸಿದರೆ ಆ ತಿಂಗಳ ಕಂತು ಕಷ್ಟ. ಮನುಷ್ಯರು ಸುಳ್ಳು ಹೇಳಿ ಕೆಡುವುದಕ್ಕಿಂತ, ನಿಜವಾಗಿದ್ದ ಮಾತು ಸುಳ್ಳಾದುದನ್ನು ನೋಡಿಯೂ ಸುಮ್ಮನಿದ್ದು ಕೆಡುವುದೇ ಹೆಚ್ಚು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದುದನ್ನು ಮರಳಿ ಸುರಿದು ಬರುವಂತೆ ಅವನ ಹೆಂಡತಿ ಲಕ್ಕಮ್ಮನು ಹೇಳಿದಳೆಂಬ ಕಥೆಯನ್ನು ಕನ್ನಡನಾಡಿನ ಮನೆಮನೆಗಳವರು ಬಲ್ಲರು. ಆ ಅಕ್ಕಿ ಕದ್ದದ್ದಲ್ಲ. ಆದರೂ ತಮ್ಮ ಕಾಯಕಕ್ಕೆ ಸಂದುದಕ್ಕಿಂತ ಅದು ಹೆಚ್ಚೆಂಬುದನ್ನು ಆಕೆ ಕಂಡಳು. ‘ಈ ವರ್ಷದ’ ಎಂಬ ಎರಡು ಪದಗಳಿಂದ ಬರುವ ಹೆಚ್ಚಿನ ಹಣವೂ ಅಂಥದೇ. ಅದನ್ನು ಬಿಟ್ಟುಕೊಟ್ಟರೆ ನಷ್ಟವಾಗುವುದಿಲ್ಲವೆಂದು ಹೇಳಿದರೆ ಅದೂ ಒಂದು ಸುಳ್ಳು ಜಾಹೀರಾತಾದೀತು. ನಷ್ಟವಾಗುವುದು. ಸತ್ಯವೆಲ್ಲವೂ ಲಾಭಕರವಾಗಿದ್ದಲ್ಲಿ ಅದನ್ನು ಧರ್ಮವೆನ್ನಬೇಕಾಗಿರಲಿಲ್ಲ, ಜಾಣತನವೆಂದರೆ ಸಾಕಾಗುತ್ತಿತ್ತು.

ಆದರೆ ಆ ನಷ್ಟದ ಎದುರಿಗೆ ಇಡಬೇಕಾದ ಇನ್ನೊಂದು ಲೆಕ್ಕವೂ ಉಂಟು. ದೂರದ ಕಾರಖಾನೆಯ ಯಜಮಾನನು ತನ್ನ ಸರಕನ್ನು ಕೊಂಡವರ ಮುಖವನ್ನು ಕಾಣುವುದಿಲ್ಲ. ಸಣ್ಣ ವರ್ತಕನು ಅವರನ್ನು ಮದುವೆಯ ಮನೆಯಲ್ಲಿ ಕಾಣುವನು, ಬಸ್ ನಿಲ್ದಾಣದಲ್ಲಿ ಕಾಣುವನು, ದೇವಸ್ಥಾನದ ಕಟ್ಟೆಯ ಮೇಲೆ ಕಾಣುವನು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಅವನಿಗೆ ಅಕ್ಷರಶಃ ನಿಜ. ಆಡಿದ ಮಾತು ಅವನ ಪಡಸಾಲೆಗೆ ಸಾಲಗಾರನಂತೆ ಮರಳಿ ಬಂದು ಕೂರುವುದು. ಅದಕ್ಕಿಂತ ಹೆಚ್ಚಾಗಿ, ಬರೆದ ಮಾತನ್ನು ಮೊದಲು ಓದುವವರು ಅವನ ಮನೆಯ ಮಕ್ಕಳೇ. ಹಗೇವಿನ ಹಳೆಯ ಕಾಳನ್ನು ಹೊಸದೆಂದು, ಗಿರಣಿಯ ನೂಲನ್ನು ಕೈನೂಲೆಂದು ಬರೆದಿರುವ ಮನೆಯಲ್ಲಿ ‘ಸುಳ್ಳು ಹೇಳಬೇಡ’ ಎಂಬ ಬುದ್ಧಿಮಾತಿಗೆ ಬೆಲೆಯೇನು ಉಳಿದೀತು? ಭಾಷೆಗೂ ನಷ್ಟವುಂಟು. ‘ಅಪ್ಪಟ’ ಎಂಬ ಚೆಲುವಾದ ಕನ್ನಡ ಪದವು ಸಾವಿರ ಪೊಟ್ಟಣಗಳ ಮೇಲೆ ಸವೆದು, ಇಂದು ಅದನ್ನು ಕಂಡರೇ ಕಲಬೆರಕೆಯ ಶಂಕೆ ಹುಟ್ಟುವಂತಾಗಿದೆ. ಮಾತೆಂಬುದು ಊರಿನ ಕೆರೆ. ಒಬ್ಬೊಬ್ಬರೂ ತಮ್ಮ ಒಂದು ಕೊಡದ ಕೊಳೆಯಿಂದ ಏನಾದೀತೆಂದುಕೊಂಡರೆ ಕುಡಿಯುವುದಕ್ಕೆ ಯಾರಿಗೂ ನೀರಿರುವುದಿಲ್ಲ.

ಕನ್ನಡದಲ್ಲಿ ವಚನವೆಂಬ ಪದಕ್ಕೆ ಎರಡು ಅರ್ಥಗಳು. ಆಡಿದ ಮಾತೂ ವಚನ, ಕೊಟ್ಟ ಮಾತೂ ವಚನ. ವರ್ತಕನು ತನ್ನ ಸರಕಿನ ವಿಷಯದಲ್ಲಿ ಬರೆಯುವ ನಾಲ್ಕು ಪಂಕ್ತಿಗಳಲ್ಲಿ ಈ ಎರಡು ಅರ್ಥಗಳೂ ಒಂದೇ ಆಗಿರುವುವು. ಅವನು ಆಡಿದ್ದೆಲ್ಲವೂ ಕೊಟ್ಟದ್ದೇ. ಇದನ್ನು ನೆನಪಿನಲ್ಲಿಟ್ಟು ಬರೆದವನಿಗೆ ಆಡಂಬರದ ಪದಗಳು ತಾವಾಗಿಯೇ ಬೇಡವಾಗುವುವು; ತೀರಿಸಲಾರದ ಸಾಲವನ್ನು ತಿಳಿದವರು ಯಾರೂ ಮಾಡುವುದಿಲ್ಲ. ಕಾಗದದ ಮುಂದೆ ಕುಳಿತ ಆ ಗೃಹಿಣಿಯು ‘ಜಗತ್ತಿನಲ್ಲಿಯೇ ಶ್ರೇಷ್ಠವಾದ’ ಎಂಬುದನ್ನು ಹೊಡೆದುಹಾಕಿ, ‘ತೊಟ್ಟು ಬಿಡಿಸಿ ಕುಟ್ಟಿಸಿದ್ದು’ ಎಂದು ಬರೆದರೆ, ಆಕೆ ಬರೆದುದು ಚಿಕ್ಕ ಮಾತೆಂದು ಮೈದುನನಿಗೆ ತೋರಬಹುದು. ಆದರೆ ಆ ಮಾತಿಗೆ ಆಕೆಯ ಕೈಬೆರಳುಗಳ ಉರಿಯೇ ಸಾಕ್ಷಿ. ಅಂಥ ಸಾಕ್ಷಿಯಿರುವ ಸ್ತುತಿ ಎಷ್ಟು ಚಿಕ್ಕದಾದರೂ ಧರ್ಮದ ತಕ್ಕಡಿಯಲ್ಲಿ ಕಡಮೆ ತೂಗುವುದಿಲ್ಲ.